ಫಿಲಿಪೀನ್ಸಿನ ಗೆಳತಿಗೆ ಏನು ಕೊಡೋಣ?

(ವಳಸಂಗದಲ್ಲಿ ಸೇರಿದ್ದ ಶ್ರಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಚಿಕ್ಕಮಗಳೂರು, ಕೊಡಗಿನ ತೋಟಗಳಿಂದ ಹೊರಟು, ರೈಲಿನಲ್ಲಿ ರಾತ್ರಿ ಕಳೆದು, ಸೊಲ್ಲಾಪುರದಲ್ಲಿ ಇಳಿದು, ಅಕ್ಕಲಕೋಟೆಯ ದಾರಿ ಹಿಡಿದು ನಮ್ಮ ವಳಸಂಗಕ್ಕೆ ಬಂದಿದ್ದೀರಿ. ನಿಮ್ಮ ಕನ್ನಡ ಬೇರೆ, ನಮ್ಮ ಕನ್ನಡ ಬೇರೆ. ಇಲ್ಲಿ ಕಚೇರಿಗೆ ಹೋದರೆ ಮರಾಠಿ, ಒಲೆಯ ಮುಂದೆ ಕೂತರೆ ಕನ್ನಡ. ಆದರೆ ನಿನ್ನೆ ಸಂಜೆ ನೀವು ಹೊಸ್ತಿಲು ದಾಟುವ ಮೊದಲೇ ಚೀಲ ಬಿಚ್ಚಿ ಕಾಫಿ ಪುಡಿ, ಕಾಳುಮೆಣಸು ತೆಗೆದು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಟ್ಟಿರಿ. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ. ದೂರದಿಂದ ಬರುವವರು ಬರಿಗೈಯಲ್ಲಿ ಬರಬಾರದು ಎಂಬ ಮಾತು ನಿಮ್ಮ ತೋಟದ ಲೈನಿನಲ್ಲಿಯೂ ಉಂಟು, ನಮ್ಮ ಜೋಳದ ಸೀಮೆಯಲ್ಲಿಯೂ ಉಂಟು. ಫಿಲಿಪೀನ್ಸ್ ದೇಶದಲ್ಲಿ ಇದಕ್ಕೊಂದು ಹೆಸರೇ ಇದೆ. ಪಸಲೂಬೊಂಗ್ ಎನ್ನುತ್ತಾರೆ. ಎದುರುಗೊಂಡಾಗ ಕೊಡುವುದು ಎಂದು ಅದರ ಅರ್ಥ. ಪಕ್ಕದ ಊರಿಗೆ ಹೋಗಿ ಬಂದವರೂ ಮನೆಯವರಿಗೆ ಏನಾದರೊಂದು ಹಿಡಿದು ಬರಬೇಕು. ನಾಲ್ಕು ಬನ್ನಾದರೂ ಸರಿಯೇ.

ಫಿಲಿಪೀನ್ಸಿನ ಮಾತು ವಳಸಂಗದಲ್ಲಿ ಏಕೆ ಬಂತು ಎಂದು ನೀವು ಕೇಳಬಹುದು. ಭವಿಷ್ಯನಿಧಿಯ ಕಾಗದಪತ್ರದ ವಿಷಯ ಹೇಳುತ್ತೇವೆ ಎಂದು ಕಾದು ಕುಳಿತವರು ಬೇಸರ ಮಾಡಿಕೊಳ್ಳಬಾರದು. ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇವೆ. ನಿಮ್ಮ ಕಡೆಯಿಂದಲೂ ಹೆಣ್ಣುಮಕ್ಕಳು ಕುವೈತ್, ದುಬೈ, ಮಸ್ಕತ್ ಎಂದು ಮನೆಗೆಲಸಕ್ಕೆ ಹೋಗಿದ್ದಾರೆ ಎಂದು ನಿನ್ನೆ ರಾತ್ರಿ ನೀವೇ ಹೇಳಿದಿರಿ. ಅಲ್ಲಿ ಹೋದವರಿಗೆ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗುವವಳು ಎಷ್ಟೋ ಸಲ ಫಿಲಿಪೀನ್ಸಿನವಳೇ ಆಗಿರುತ್ತಾಳೆ. ನಮ್ಮ ತಂಗಿಯೊಬ್ಬಳಿಗೂ ಹಾಗೆಯೇ ಆಯಿತು. ಅವಳ ಹೆಸರು ಹೇಳುವುದಿಲ್ಲ. ಈ ಸಭೆಯಲ್ಲಿಯೇ ಕೂತಿದ್ದಾಳೆ, ಹೇಳಲು ಒಪ್ಪಿಗೆ ಕೊಟ್ಟಿದ್ದಾಳೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ.

ಅವಳ ತಾಯಿ ಬೀಡಿ ಕಟ್ಟುವವಳು. ಮನೆಯ ಸಾಲಕ್ಕಾಗಿ ಮಗಳು ಕುವೈತಿಗೆ ಹೋದಳು. ಒಬ್ಬ ಯಜಮಾನರ ಮನೆಯಲ್ಲಿ ಕಸ, ಬಟ್ಟೆ, ಮಕ್ಕಳ ಕೆಲಸ ಇವಳದು. ಅಡಿಗೆಯ ಕೆಲಸ ಫಿಲಿಪೀನ್ಸಿನ ಒಬ್ಬ ಹೆಂಗಸಿನದು. ಮಾಳಿಗೆಯ ಮೇಲಿನ ಒಂದೇ ಸಣ್ಣ ಕೋಣೆಯಲ್ಲಿ ಇಬ್ಬರಿಗೂ ಹಾಸಿಗೆ. ಮೊದಲ ತಿಂಗಳು ಇಬ್ಬರಿಗೂ ಜಗಳ. ಅವಳು ಒಣಮೀನು ಹುರಿದರೆ ಇವಳಿಗೆ ತಲೆ ಸುತ್ತು. ತೋಟದವರು ನಗುತ್ತಿದ್ದೀರಿ. ಮಳೆಗಾಲದಲ್ಲಿ ಒಣಮೀನು ಇಲ್ಲದೆ ನಿಮಗೆ ಗಂಜಿ ಇಳಿಯದು ಎಂದು ನಮಗೂ ಗೊತ್ತು. ನಮ್ಮ ಬಯಲಿನವರಿಗೆ ಅದು ರೂಢಿಯಿಲ್ಲ. ಒಣಮೀನಿಗಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅವಳ ಸಂಬಳ ಇವಳದಕ್ಕಿಂತ ಹೆಚ್ಚು. ಒಂದೇ ಮನೆ, ಒಂದೇ ಬೆವರು, ಲೆಕ್ಕ ಎರಡು. ಇದು ಆ ಯಜಮಾನರೊಬ್ಬರ ಮನೆಯ ಸಂಗತಿಯಲ್ಲ. ಮನೆಗೆಲಸಕ್ಕೆ ಹೋಗುವ ತಮ್ಮ ಹೆಣ್ಣುಮಕ್ಕಳಿಗೆ ತಿಂಗಳಿಗೆ 400 ಡಾಲರಿಗೆ ಕಡಿಮೆ ಕೊಡಕೂಡದು ಎಂದು ಫಿಲಿಪೀನ್ಸ್ ಸರ್ಕಾರ 2006ರಲ್ಲಿಯೇ ಕಟ್ಟು ಮಾಡಿತು. ಅದು ಪೂರ್ತಿ ಜಾರಿಯಾಯಿತೆಂದಲ್ಲ. ಆದರೂ ಕೇಳಲು ಕೈಯಲ್ಲಿ ಒಂದು ಕಾಗದ ಇತ್ತು.

ಆ ಕಾಗದವನ್ನು ಅವಳು ಒಂದು ರಾತ್ರಿ ಇವಳ ಮುಂದೆ ಬಿಚ್ಚಿ ಬೆರಳಿಟ್ಟು ತೋರಿಸಿದಳು. ಇಬ್ಬರಿಗೂ ಬರುವುದು ಮುರುಕು ಅರಬ್ಬಿ, ಮುರುಕು ಇಂಗ್ಲಿಷು. ವಾರಕ್ಕೊಂದು ದಿನ ರಜೆ, ಪಾಸುಪೋರ್ಟು ಕೆಲಸದವಳ ಕೈಯಲ್ಲಿಯೇ ಇರಬೇಕು, ಇಷ್ಟು ಇವಳಿಗೆ ತಿಳಿಯಿತು. ಕುವೈತಿನ ಕಾಯಿದೆಯೂ ಅದನ್ನೇ ಹೇಳುತ್ತದೆ. 2015ರ 68ನೆಯ ಕಾಯಿದೆ ಅದು. ಮನೆಗೆಲಸದವರಿಗೆ ವಾರದ ರಜೆ, ದಿನಕ್ಕೆ 12 ತಾಸಿಗಿಂತ ಹೆಚ್ಚು ದುಡಿಸಬಾರದು ಎಂಬುದೆಲ್ಲ ಅದರಲ್ಲಿದೆ. ನಮ್ಮವಳಿಗೆ ಅದನ್ನು ಇಲ್ಲಿಂದ ಕಳಿಸಿದ ದಲಾಲಿ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ, ಏಕೆಂದರೆ ನಮಗೂ ಗೊತ್ತಿರಲಿಲ್ಲ. ಇಬ್ಬರೂ ಕೂಡಿ ಕೇಳಿದ ಮೇಲೆ ಶುಕ್ರವಾರ ಅರ್ಧ ದಿನ ಸಿಕ್ಕಿತು. ಆ ಅರ್ಧ ದಿನದಲ್ಲಿ ಕುವೈತ್ ಪಟ್ಟಣದ ಪವಿತ್ರ ಕುಟುಂಬದ ಪ್ರಧಾನಾಲಯಕ್ಕೆ ಇಬ್ಬರೂ ನಡೆದು ಹೋಗುತ್ತಿದ್ದರು. 1961ರಿಂದ ಇರುವ ದೇವಾಲಯ. ಶುಕ್ರವಾರ ಅಲ್ಲಿ ಅನೇಕ ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. ಅವಳ ಭಾಷೆಯ ಪೂಜೆಗೆ ಇವಳು ಕೂತಳು. ಅರ್ಥವಾಗದಿದ್ದರೂ ಎಲ್ಲಿ ಮೊಣಕಾಲೂರಬೇಕು, ಎಲ್ಲಿ ಏಳಬೇಕು ಎಂಬುದು ಗೊತ್ತಿತ್ತಲ್ಲ.

2020ರಲ್ಲಿ ಕೊರೋನಾ ಬಂತು. ಮೂರು ತಿಂಗಳು ಇಬ್ಬರಿಗೂ ಸಂಬಳ ಇಲ್ಲ. ಇವಳಿಗೆ ಜ್ವರ ಹಿಡಿಯಿತು. ಹನ್ನೊಂದು ದಿವಸ ಗೆಳತಿ ತನ್ನ ಅಡಿಗೆಯನ್ನೂ ಮಾಡಿ, ರಾತ್ರಿ ಎದ್ದು ಇವಳ ಪಾಲಿನ ನೆಲವನ್ನೂ ಒರೆಸಿದಳು. ಜ್ವರದ ಸುದ್ದಿ ಯಜಮಾನರಿಗೆ ತಿಳಿದರೆ ಹೊರಗೆ ಹಾಕಿಯಾರೆಂಬ ಭಯ. ಸಂಬಳ ಮತ್ತೆ ಶುರುವಾದಾಗ ತನ್ನ ಮೊದಲ ಸಂಬಳದಲ್ಲಿ ಅರ್ಧ ತೆಗೆದು ಇವಳ ಮನೆಗೆ ಕಳಿಸಲು ಕೊಟ್ಟಳು. ಇಲ್ಲಿ ಇವಳ ತಾಯಿಗೆ ಆ ತಿಂಗಳು ಬೀಡಿ ಎಲೆಯೂ ಬಂದಿರಲಿಲ್ಲ, ತಂಬಾಕೂ ಬಂದಿರಲಿಲ್ಲ. ಆ ದುಡ್ಡಿನ ಜೋಳವನ್ನು ವಳಸಂಗದಲ್ಲಿ ಉಂಡಿದ್ದೇವೆ.

ತಂಗಿ 2022ರಲ್ಲಿ ತಿರುಗಿ ಬಂದಳು. ಗೆಳತಿ ಅಲ್ಲಿಯೇ ಉಳಿದಳು. ಕೆಲವು ದಿವಸದ ಮೇಲೆ ತಂಗಿ ನಮ್ಮ ಮನೆಗೆ ಬಂದು ಕೂತು ಹೇಳಿದಳು: "ಅಣ್ಣಾರ, ಆಕೀಗಿ ಒಂದ್ ಬಂಗಾರದ ಉಂಗರಾ ಕಳಸಬೇಕಂತ ಮಾಡೀನ್ರಿ. ಸಂಘದಾಗ ಸಾಲ ಎತ್ತತೀನಿ."

"ಎಷ್ಟು ಎತ್ತತಿ?"

"ಇಪ್ಪತ್ತ ಸಾವಿರ. ಆಕೀ ಋಣಾ ಹೊತಗೊಂಡು ಕುಂದ್ರಾಕ ಆಗೂದಿಲ್ರೀ. ತೀರಿಸಿಬಿಡತೀನಿ."

ನಾವು ತಟ್ಟನೆ ಉತ್ತರ ಕೊಡಲಿಲ್ಲ. ವಾರವಾರ ಕಂತು ವಸೂಲಿಗೆ ಬರುವವರು ಬಾಗಿಲಲ್ಲಿ ಹೇಗೆ ಕೂರುತ್ತಾರೆ ಎಂಬುದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲದ ಮಾತು ಹಾಗಿರಲಿ. ಆ ಗೆಳತಿಯ ಕಿವಿಯಲ್ಲಿ, ಕೈಯಲ್ಲಿ ಮೊದಲು ಬಂಗಾರ ಏನಾದರೂ ಇತ್ತೇ ಎಂದು ಕೇಳಿದೆವು. ಇತ್ತಂತೆ. ಸಣ್ಣ ಓಲೆ. ತಮ್ಮನ ಕಾಲೇಜಿನ ಫೀಗೆ ಅಡವಿಟ್ಟದ್ದು ತಿರುಗಿ ಬರಲಿಲ್ಲವಂತೆ. ಅವರ ದೇಶದಲ್ಲಿ ಪೇಟೆಪೇಟೆಗೂ ಅಡವಿನ ಅಂಗಡಿ. ಹಾಗಾದರೆ ಈ ಉಂಗುರ ಎಷ್ಟು ದಿನ ಅವಳ ಬೆರಳಿನಲ್ಲಿದ್ದೀತು? ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆಯಾಯಿತು ಎನ್ನೋಣ, ಉಂಗುರ ಹೋಯಿತು. ಹೋದದ್ದನ್ನು ಅವಳು ನಿನಗೆ ಹೇಳಲಾರಳು. ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವಾಗ ಕೈ ಮುಚ್ಚಿಕೊಂಡಾಳು. ಅಂಥ ಸಂಕಟವನ್ನು ಸಾಲ ಮಾಡಿ ಕೊಂಡು ಕಳಿಸಬೇಕೇ?

ಇನ್ನು ಋಣ ತೀರಿಸುವ ಮಾತು. ಫಿಲಿಪೀನ್ಸಿನವರಲ್ಲಿ ಉತಾಂಗ್ ನ ಲೊಒಬ್ ಎಂಬ ಮಾತಿದೆ. ಉತಾಂಗ್ ಎಂದರೆ ಸಾಲ, ಲೊಒಬ್ ಎಂದರೆ ಒಳಗು. ಒಳಗಿನ ಋಣ ಎಂದು ಹೇಳಬಹುದು. ಕಷ್ಟದಲ್ಲಿ ಕೈ ಹಿಡಿದವರಿಗೂ ಹಿಡಿಸಿಕೊಂಡವರಿಗೂ ನಡುವೆ ಇರುವಂಥದು ಅದು. ಅಂಗಡಿಯ ಖಾತೆಯ ಹಾಗೆ ಅಡ್ಡಗೆರೆ ಎಳೆದು ಮುಗಿಸುವುದಲ್ಲ. ನಮ್ಮ ಹಿರಿಯರೂ ಋಣಾನುಬಂಧ ಎಂದು ಎರಡು ಮಾತನ್ನು ಕೂಡಿಸಿಯೇ ಆಡಿದರು. ನೀನು ಬಂಗಾರ ತೂಗಿ ಕಳಿಸಿದರೆ ಅವಳಿಗೆ ಏನು ತಿಳಿದೀತು? ಲೆಕ್ಕ ಚುಕ್ತಾ ಆಯಿತು, ಇನ್ನು ನಿನಗೂ ನನಗೂ ಏನೂ ಇಲ್ಲ ಎಂದು ತಿಳಿದೀತು. ಹೀಗೆ ನಾವು ಹೇಳಿದೆವು. ತಂಗಿ ಸಿಟ್ಟಾಗಿ ಎದ್ದು ಹೋದಳು. ಮೂರು ದಿನ ಬರಲಿಲ್ಲ.

ಆಕೆಯ ಸಿಟ್ಟಿನಲ್ಲಿಯೂ ನ್ಯಾಯವಿತ್ತು. ಬಡವರು ದೊಡ್ಡದು ಕೊಡಬಾರದೇ, ಬಡವರ ಕೈಯಿಂದ ಯಾವಾಗಲೂ ಚಿಲ್ಲರೆಯೇ ಹೋಗಬೇಕೇ ಎಂದು ಅವಳ ತಾಯಿಯ ಮುಂದೆ ಅತ್ತಳಂತೆ. ಇದಕ್ಕೆ ನಮ್ಮಲ್ಲಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ.

ಆ ಮೂರು ದಿನದಲ್ಲಿ ನಮಗೆ ನಮ್ಮದೇ ಒಂದು ತಪ್ಪು ನೆನಪಾಯಿತು. ಹತ್ತು ಹನ್ನೆರಡು ವರ್ಷದ ಹಿಂದೆ ಫಿಲಿಪೀನ್ಸಿನ ಒಬ್ಬ ಸಿಸ್ಟರು ನಮ್ಮ ಬೀಡಿ ಕೆಲಸದ ಹೆಣ್ಣುಮಕ್ಕಳನ್ನು ನೋಡಲು ಬಂದಿದ್ದರು. ಬೀಳ್ಕೊಡುಗೆಗೆ ನಮ್ಮ ಸಮಿತಿಯಿಂದ ಎರಡು ಮೊಳದ ಗಾಜಿನ ಚೌಕಟ್ಟು ಕೊಟ್ಟೆವು. ಒಳಗೆ ಗುಂಪಿನ ಫೋಟೋ, ಕೆಳಗೆ ಬಂಗಾರದ ಅಕ್ಷರದಲ್ಲಿ ಸಮಿತಿಯವರೆಲ್ಲರ ಹೆಸರು. ನಮ್ಮ ಹೆಸರು ಮೂರನೆಯದು. ಸಿಸ್ಟರು ಕೈಮುಗಿದು ತೆಗೆದುಕೊಂಡರು. ಅವರ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಪುಸ್ತಕ, ಅಷ್ಟೇ ಜಾಗ. ಚೌಕಟ್ಟು ಇಂದಿಗೂ ಅವರು ಇಳಿದುಕೊಂಡ ಮನೆಯ ಅಟ್ಟದ ಮೇಲಿದೆ. ಅದೇ ದಿವಸ ಒಬ್ಬ ಮುದುಕಿ ತನ್ನ ಎಲೆಅಡಿಕೆಯ ಸಂಚಿಯ ಹಾಗೆ ಒಂದು ಹೊಸ ಸಂಚಿಯನ್ನು ಉಳಿದ ಖಣದ ಚೂರಿನಿಂದ ಹೊಲಿದು ತಂದಿದ್ದಳು. ಸಿಸ್ಟರು ಅದರಲ್ಲಿ ತಮ್ಮ ಜಪಸರ ಹಾಕಿ, ಸೊಂಟಕ್ಕೆ ಕಟ್ಟಿಕೊಂಡು ಹೊರಟೇ ಹೋದರು. ನಮಗೆ ಆ ದಿವಸ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಹೇಳಿದರೆ ತಪ್ಪಿಲ್ಲ.

ರೂತಳ ಕಥೆ ನೀವೆಲ್ಲ ಕೇಳಿದವರೇ. ಪರದೇಶದ ಹೆಣ್ಣು. ಬೇತ್ಲೆಹೇಮಿನ ಹೊಲದಲ್ಲಿ ಕೊಯ್ಲಿನವರ ಹಿಂದೆ ಹಕ್ಕಲಾಯುವ ಕೂಲಿ. ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಅವಳಿಗೆ ಹುರಿದ ಕಾಳು ಸಿಕ್ಕಿತು. ನಮ್ಮ ಕಡೆ ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡುತ್ತೇವಲ್ಲ, ಹಾಗೆ ತಿಳಿದುಕೊಳ್ಳಿರಿ. ಹೊಟ್ಟೆತುಂಬ ತಿಂದು ಉಳಿದದ್ದನ್ನು ಕಟ್ಟಿಕೊಂಡು ಹೋಗಿ, ಆಯ್ದ ಜವೆಗೋದಿಯ ಜೊತೆಗೆ ಅತ್ತೆ ನೊವೊಮಿಗೆ ಕೊಟ್ಟಳು. ಜವೆಗೋದಿಯ ಅಳತೆಯನ್ನು ಎಲ್ಲರೂ ನೆನಪಿಡುತ್ತಾರೆ, ಆ ಸೆರಗಿನಲ್ಲಿ ಕಟ್ಟಿದ ಹುರಿಗಾಳನ್ನು ಮರೆಯುತ್ತಾರೆ. ತಾನು ಉಣ್ಣುವಾಗ ಮನೆಯಲ್ಲಿ ಕೂತವಳ ನೆನಪು ಬಂತಲ್ಲ, ಅದು ಆ ಕಾಳಿನಲ್ಲಿತ್ತು. ನಾಲ್ಕನೆಯ ದಿನ ತಂಗಿ ಬಂದಾಗ ಈ ಕಥೆಯನ್ನು ಹೇಳಿದೆವು. ಅವಳು ಕೇಳಿ, ಸುಮ್ಮನೆ ಕೂತು, "ಹಂಗಾರ ಶೇಂಗಾ ಚಟ್ನಿ ಕುಟ್ಟತೀನ್ರೀ" ಅಂದಳು.

ಚಟ್ನಿ ಆಗಲಿ ಎಂದೆವು. ಆದರೆ ಖಾರ ಕಡಿಮೆ ಮಾಡಬೇಕು. ಫಿಲಿಪೀನ್ಸಿನ ಊಟದಲ್ಲಿ ಹುಳಿ ಹೆಚ್ಚು, ಖಾರ ಬಹುಮಟ್ಟಿಗೆ ಕಡಿಮೆ. ಶೇಂಗಾ ಅವರಿಗೆ ಹೊಸದಲ್ಲ. ಶೇಂಗಾ ಅರೆದು ದಟ್ಟಗೆ ಕುದಿಸಿ ಕರೆಕರೆ ಎಂಬ ಸಾರು ಮಾಡುತ್ತಾರೆ. ಸೊಲ್ಲಾಪುರದ ಚಟ್ನಿಯನ್ನು ಇದ್ದ ಹಾಗೆಯೇ ಕಳಿಸಿದರೆ ಮೊದಲ ಚಿಟಿಕೆಗೇ ಕಣ್ಣೀರು ಬಂದೀತು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ದಾರಿಯಲ್ಲಿ ಪುಡಿಯಾಗುತ್ತದೆ. ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಡಬೇಕು.

ಇಲ್ಲಿ ಒಂದು ಮಾತನ್ನು ಎಲ್ಲರೂ ಗಟ್ಟಿಯಾಗಿ ಮನಸ್ಸಿನಲ್ಲಿಡಬೇಕು. ಕೊಲ್ಲಿಯ ಹಲವು ದೇಶಗಳಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ನಮ್ಮ ಮಸಾಲೆಯಲ್ಲಿ, ಸಿಹಿಯಲ್ಲಿ ಗಸಗಸೆ ಹಾಕುವುದು ರೂಢಿ. ಒಂದು ಹಿಡಿ ಗಸಗಸೆಗಾಗಿ ವಿಮಾನ ನಿಲ್ದಾಣದಲ್ಲಿಯೇ ಹಿಡಿಯಲ್ಪಟ್ಟು ಜೈಲು ಕಂಡ ಭಾರತೀಯರಿದ್ದಾರೆ. ಎಲೆಅಡಿಕೆ, ಗುಟ್ಕಾ, ತಂಬಾಕಿನ ಪುಡಿಯೂ ಬೇಡ. ಗೆಳತಿಗೆ ಪ್ರೀತಿಯಿಂದ ಕಳಿಸಿದ ಗಂಟು ಹೊತ್ತುಕೊಂಡು ಹೋದ ಹುಡುಗನ ಕೈಗೆ ಬೇಡಿಯಾಗಬಾರದು. ಯಾರದೇ ಗಂಟು ಒಯ್ಯುವವನು ಬಿಚ್ಚಿ ನೋಡಿಯೇ ಒಯ್ಯಬೇಕು. ಬಿಚ್ಚಿ ತೋರಿಸಲು ಕೊಡುವವರು ಮುನಿಸಿಕೊಳ್ಳಬಾರದು.

ಸೀರೆ ಕಳಿಸಬೇಕೆಂದು ಅವಳ ತಾಯಿಯ ಆಸೆ. ಇಳಕಲ್ ಸೀರೆ. ನಾವು ಬೇಡ ಅನ್ನಲಿಲ್ಲ, ತಂಗಿಯೇ ಬೇಡ ಅಂದಳು. ಉಡಿಸುವವರು ಯಾರು, ಕುಪ್ಪಸ ಎಲ್ಲಿ, ಲಂಗ ಎಲ್ಲಿ? ಬರಿಯ ಸೀರೆ ಹೋದರೆ ಕಿಟಕಿಗೆ ಪರದೆಯಾದೀತು. ಶಿಲುಬೆ, ಸಂತರ ಪ್ರತಿಮೆ ಕಳಿಸುವ ಯೋಚನೆಯೂ ಬಂತು. ಈ ಗೆಳತಿ ನಮ್ಮವಳ ಜೊತೆ ಪೂಜೆಗೆ ಕೂತವಳು, ಆದುದರಿಂದ ಅಡ್ಡಿಯಿಲ್ಲ. ಆದರೆ ಫಿಲಿಪೀನ್ಸಿನವರೆಂದರೆ ಎಲ್ಲರೂ ಕಥೋಲಿಕರೆಂದು ತಿಳಿಯಬೇಡಿರಿ. ನೂರಕ್ಕೆ ಎಂಭತ್ತರ ಹತ್ತಿರ ಹೌದು. ಉಳಿದವರಲ್ಲಿ ದಕ್ಷಿಣದ ಮಿಂಡನಾವೋ ಕಡೆಯ ಮುಸಲ್ಮಾನರಿದ್ದಾರೆ, ಬೇರೆ ಸಭೆಗಳವರಿದ್ದಾರೆ. 1914ರಿಂದ ಅಲ್ಲಿರುವ ಇಗ್ಲೇಸಿಯಾ ನಿ ಕ್ರಿಸ್ತೋ ಎಂಬ ಸಭೆಯವರು ಕ್ರಿಸ್ಮಸ್ ಆಚರಿಸುವುದೇ ಇಲ್ಲ, ಪ್ರತಿಮೆಗಳನ್ನೂ ಒಪ್ಪುವುದಿಲ್ಲ. ಕೇಳಿ ತಿಳಿದು ಕೊಡಬೇಕು. ಕೇಳಿದರೆ ಮಾನ ಹೋಗುವುದಿಲ್ಲ.

ಕೊನೆಗೆ ಚಾದರ ಎಂದು ನಿಶ್ಚಯವಾಯಿತು. ಸೊಲ್ಲಾಪುರದಲ್ಲಿ ಕೂತು ಚಾದರ ಬಿಟ್ಟು ಬೇರೇನು ಕೊಟ್ಟಾರು ಎಂದು ನೀವು ಅಂದೀರಿ. 2005–06ರಲ್ಲಿಯೇ ಸೊಲ್ಲಾಪುರದ ಚಾದರಕ್ಕೂ ಟರ್ಕಿ ಟವೆಲಿಗೂ ಆ ಊರಿನ ಹೆಸರಿನ ಹಕ್ಕಿನ ಗುರುತು ಸಿಕ್ಕಿತು. ಬೇರೆ ಊರಿನಲ್ಲಿ ನೇಯ್ದು ಸೊಲ್ಲಾಪುರದ್ದೆಂದು ಮಾರುವವರು ಇನ್ನೂ ಇದ್ದಾರೆ, ಅದು ಬೇರೆ ಕಥೆ. ನಮ್ಮ ಸಂಘಟನೆಯ ಒಬ್ಬ ಮಗ್ಗದ ಕೆಲಸಗಾರರ ಜೊತೆ ಹೋಗಿ, ಅವರೇ ದುಡಿಯುವ ಮಗ್ಗದಿಂದ ಇಳಿದ ಒಂದು ಚಾದರವನ್ನು ತಂಗಿ ಆರಿಸಿದಳು. ಕೆಂಪು ನೆಲ, ನವಿಲಿನ ನಕಾಶೆ. ಆ ಮನೆಯಲ್ಲಿ ಹಗಲು ರಾತ್ರಿ ಏಸಿ ಓಡುತ್ತದೆ, ಮಾಳಿಗೆಯ ಕೋಣೆಯಲ್ಲಿ ಗೆಳತಿ ಹಳೆಯ ಟವೆಲು ಹೊದ್ದು ಮಲಗುತ್ತಿದ್ದಳು ಎಂಬುದು ಇವಳಿಗೆ ಗೊತ್ತು. ಇದು ಅಂಗಡಿಯವನಿಗೆ ಗೊತ್ತಿರುವ ಸಂಗತಿಯಲ್ಲ. ಜೊತೆಗೆ ಒಂದು ಖಣದ ಸಂಚಿ, ಅದರೊಳಗೆ ಒಂದು ರೂಪಾಯಿಯ ನಾಣ್ಯ. ಬರಿದಾದ ಪಾಕೀಟು ಕೊಡಬಾರದು ಎಂಬ ನಂಬಿಕೆ ಅವರಲ್ಲಿದೆಯಂತೆ. ನಾವು ನೂರರ ಮೇಲೆ ಒಂದು ಇಟ್ಟು ನೂರಾ ಒಂದು ಕೊಡುವವರು, ನಮಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಎಲ್ಲ ಸೇರಿ ಖರ್ಚು ಎರಡು ಸಾವಿರ ದಾಟಲಿಲ್ಲ. ಸಂಘದ ಸಾಲ ಎತ್ತಲಿಲ್ಲ.

ಅವಳ ಚಿಕ್ಕಪ್ಪನ ಮಗ ಕುವೈತಿನಲ್ಲಿ ಡ್ರೈವರ್. ರಜೆ ಮುಗಿಸಿ ಹೋಗುವಾಗ ಒಯ್ದು ಶುಕ್ರವಾರ ದೇವಾಲಯದ ಅಂಗಳದಲ್ಲಿ ಕೊಟ್ಟ. ಗೆಳತಿ ಗಂಟು ತೆಗೆದುಕೊಂಡು, ಎದೆಗೆ ಒತ್ತಿಕೊಂಡು, ಬಿಚ್ಚದೆಯೇ ಚೀಲದಲ್ಲಿ ಇಟ್ಟುಕೊಂಡಳು. ಹುಡುಗ ಫೋನು ಮಾಡಿ, "ಅಕ್ಕಾ, ಆಕೀ ಬಿಚ್ಚಿ ಸುದ್ದಾ ನೋಡಲಿಲ್ಲ" ಅಂದ. ಇವಳಿಗೆ ಮುಖ ಸಣ್ಣದಾಯಿತು. ಕೊಟ್ಟವರ ಎದುರಿಗೇ ಬಿಚ್ಚಿ ನೋಡುವುದು ಫಿಲಿಪೀನ್ಸಿನ ಬಹಳ ಜನರಿಗೆ ನಾಚಿಕೆಯ ಸಂಗತಿ. ಆಸೆಬುರುಕಿ ಎಂದು ತಿಳಿದಾರು, ಕೊಟ್ಟವರಿಗೆ ಸಂಕೋಚವಾದೀತು ಎಂದು ಆಮೇಲೆ ಒಬ್ಬಳೇ ಇದ್ದಾಗ ಬಿಚ್ಚುತ್ತಾರೆ. ನಮ್ಮ ಮದುವೆಗಳಲ್ಲಿ ಆಹೇರ ಇಂಥವರದು ಇಷ್ಟು ರೂಪಾಯಿ ಎಂದು ಮೈಕಿನಲ್ಲಿ ಕೂಗುತ್ತೇವೆ. ಐವತ್ತೊಂದು ಕೊಟ್ಟವನು ಕಂಬದ ಹಿಂದೆ ನಿಲ್ಲುತ್ತಾನೆ. ಇವೆರಡರಲ್ಲಿ ಯಾವುದು ಮೇಲು ಎಂದು ನೀವೇ ವಿಚಾರ ಮಾಡಿರಿ. ರಾತ್ರಿ ಗೆಳತಿಯಿಂದ ಫೋನು ಬಂತು. ಇಬ್ಬರೂ ಅತ್ತರು. ನಾವು ಸಂತೋಷಪಟ್ಟೆವು, ಯೋಜನೆ ನಮ್ಮದೆಂದು ಸ್ವಲ್ಪ ಬೀಗಿದೆವು ಕೂಡ.

ಬೀಗಿದ್ದು ಹೆಚ್ಚು ದಿನ ಉಳಿಯಲಿಲ್ಲ. ನವೆಂಬರಿನಲ್ಲಿ ಹುಡುಗ ಮತ್ತೆ ಫೋನು ಮಾಡಿದಾಗ, ಗೆಳತಿ ಆ ಚಾದರ ಹೊದೆಯುತ್ತಿಲ್ಲ, ಪೆಟ್ಟಿಗೆಯಲ್ಲಿ ಹಾಕಿ ಊರಿಗೆ ಕಳಿಸಿಬಿಟ್ಟಳು ಅಂದ.

ಈ ಪೆಟ್ಟಿಗೆಯ ಸಂಗತಿ ನಮಗೆ ಗೊತ್ತಿರಬೇಕಾಗಿತ್ತು. ಬಲಿಕ್‌ಬಾಯನ್ ಪೆಟ್ಟಿಗೆ ಎನ್ನುತ್ತಾರೆ, ಊರಿಗೆ ಮರಳುವವರ ಪೆಟ್ಟಿಗೆ. ಹೊರದೇಶದಲ್ಲಿದ್ದವರು ಊರಿಗೆ ಬಂದು ಹೋಗಲಿ ಎಂದು 1973ರಲ್ಲಿ ಅಲ್ಲಿನ ಮಾರ್ಕೋಸ್ ಸರ್ಕಾರ ಒಂದು ಯೋಜನೆ ತೆಗೆಯಿತು, ಅದರ ಹೆಸರು ಇದಕ್ಕೆ ಅಂಟಿತು. ಮರುವರ್ಷ ಅವರ ಕಾರ್ಮಿಕ ಸಂಹಿತೆಯೇ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವ ದಾರಿ ಮಾಡಿತು. ಆಗಿನಿಂದ ತಾಯಿಯಾದವಳು ತಾನು ಹೋಗಲಾರದಿದ್ದರೆ ಪೆಟ್ಟಿಗೆಯನ್ನು ಕಳಿಸುತ್ತಾಳೆ. ದೊಡ್ಡ ರಟ್ಟಿನ ಪೆಟ್ಟಿಗೆ ಹಾಸಿಗೆಯ ಪಕ್ಕದಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆದು ಕೂತಿರುತ್ತದೆ. ಸೋಪು, ಹಲ್ಲುಪುಡಿ, ಡಬ್ಬಿಯ ಮಾಂಸ, ಚಾಕೊಲೇಟು, ಮಕ್ಕಳ ಬೂಟು, ಟವೆಲು. ಸಂಬಳ ಬಂದಾಗ ಎರಡು ಸಾಮಾನು, ಮುಂದಿನ ತಿಂಗಳು ಎರಡು. ಹಡಗಿನಲ್ಲಿ ಹೋಗಬೇಕು, ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿ ಸೆಪ್ಟೆಂಬರ್ ಬಂದರೆ ಕ್ರಿಸ್ಮಸ್ ಬಂದ ಹಾಗೆ, ಅಂಗಡಿಗಳಲ್ಲಿ ಹಾಡು ಶುರು. ಡಿಸೆಂಬರ್ 16ರಿಂದ 24ರ ವರೆಗೆ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಪೂಜೆ. ಅಷ್ಟರೊಳಗೆ ಪೆಟ್ಟಿಗೆ ಮುಟ್ಟಬೇಕು. ಆ ಹೆಣ್ಣುಮಕ್ಕಳಿಗೆ ಏನು ಕೊಟ್ಟರೂ ಮೊದಲು ಮನಸ್ಸು ಓಡುವುದು ಆ ಪೆಟ್ಟಿಗೆಯ ಕಡೆಗೆ. 1988ರಲ್ಲಿ ಅವರ ಅಧ್ಯಕ್ಷೆ ಕೊರಾಜಾನ್ ಅಕೀನೊ ಹಾಂಗ್‌ಕಾಂಗಿನ ಮನೆಗೆಲಸದ ಹೆಂಗಸರನ್ನು ನೀವು ನಾಡಿನ ಹೊಸ ವೀರರು ಎಂದು ಕರೆದರಂತೆ. ವೀರರಿಗೆ ಹೊದಿಕೆ ಬೇಡವೇ ಎಂದು ನಮ್ಮ ತಂಗಿ ಕೇಳಿದಳು. ಅವಳಿಗೆ ಆಗ ಬಹಳ ನೋವಾಗಿತ್ತು.

ಒಂದು ವಾರದ ಮೇಲೆ ಮೊಬೈಲಿಗೆ ಒಂದು ಚಿತ್ರ ಬಂತು. ಗೆಳತಿಯ ಊರು ಪಾನಾಯ್ ದ್ವೀಪದ ಇಲೊ-ಇಲೊ ಕಡೆ. ಹಾಬ್ಲೊನ್ ಎಂಬ ಕೈಮಗ್ಗದ ಬಟ್ಟೆಗೆ ಹೆಸರಾದ ಸೀಮೆ. ಅವಳ ತಾಯಿ ಕಣ್ಣು ಮಂಜಾಗುವ ತನಕ ನೇಯ್ದವಳಂತೆ. ಇದನ್ನು ತಂಗಿ ಆರು ವರ್ಷ ಒಂದೇ ಕೋಣೆಯಲ್ಲಿದ್ದರೂ ಕೇಳಿರಲಿಲ್ಲ. ಚಿತ್ರದಲ್ಲಿ ಮುದುಕಿ ಬಿದಿರಿನ ಮಂಚದ ಮೇಲೆ ಕೂತಿದ್ದಾಳೆ. ಚಾದರ ಹೊದ್ದಿಲ್ಲ. ತೊಡೆಯ ಮೇಲೆ ಹಾಕಿಕೊಂಡು, ಅಂಚು ಮಗುಚಿ, ಕಣ್ಣಿಗೆ ಹತ್ತಿರ ಹಿಡಿದು ಹಿಂಬದಿಯ ನವಿಲನ್ನು ನೋಡುತ್ತಿದ್ದಾಳೆ. ಎಳೆ ಹೇಗೆ ಹೋಗಿದೆ, ಗಂಟು ಎಲ್ಲಿದೆ ಎಂದು ಹುಡುಕುತ್ತಿದ್ದಾಳೆ. ಆ ಚಿತ್ರವನ್ನು ಸೊಲ್ಲಾಪುರಕ್ಕೆ ಒಯ್ದು ಚಾದರ ನೇಯ್ದ ಅಣ್ಣನಿಗೆ ತೋರಿಸಿದೆವು. ಅವರು ತೆಲುಗು ಮನೆಮಾತಿನವರು. ಬಹಳ ಹೊತ್ತು ನೋಡಿ, "ನಮ್ಮವಳೇ" ಅಂದರು.

ತಂಗಿಯ ನೋವು ಇದರಿಂದ ಕಡಿಮೆಯಾಯಿತು, ಆದರೆ ಚಳಿಯ ಪ್ರಶ್ನೆ ಹಾಗೆಯೇ ಉಳಿಯಿತು. ಗೆಳತಿ ಈಗಲೂ ಹಳೆಯ ಟವೆಲು ಹೊದ್ದು ಮಲಗುತ್ತಾಳೆ. ಇನ್ನೊಂದು ಚಾದರ ಕಳಿಸಿದರೆ ಅದೂ ಪೆಟ್ಟಿಗೆಗೆ ಹೋದೀತು, ತಮ್ಮನಿಗೋ ಅತ್ತಿಗೆಗೋ. ಆದುದರಿಂದ ಈ ಸಲ ನಾವು ಯೋಜನೆ ಹಾಕಲಿಲ್ಲ, ತಂಗಿ ನೇರವಾಗಿ ಅವಳನ್ನೇ ಕೇಳಿದಳು: ನಿನಗೆ, ನಿನಗೊಬ್ಬಳಿಗೇ, ಏನು ಬೇಕು? ಗೆಳತಿ ನಕ್ಕಳಂತೆ. ಒಂದು ಇಡೀ ದಿನ ನಿದ್ದೆ ಬೇಕು ಅಂದಳಂತೆ. ಅದನ್ನು ಗಂಟು ಕಟ್ಟಿ ಕಳಿಸಲು ನಮ್ಮಿಂದಾಗದು. ಮನೆಗೆಲಸದವರಿಗೂ ಉಳಿದ ಕಾರ್ಮಿಕರ ಹಾಗೆ ರಜೆ, ಹೊತ್ತು ಗೊತ್ತು ಇರಬೇಕು ಎಂದು 2011ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು 189ನೆಯ ಒಪ್ಪಂದ ಮಾಡಿದರು. ಫಿಲಿಪೀನ್ಸ್ 2012ರಲ್ಲಿ ಅದಕ್ಕೆ ಸಹಿ ಮಾಡಿ ಒಪ್ಪಿಕೊಂಡಿತು. ನಮ್ಮ ದೇಶ ಇನ್ನೂ ಒಪ್ಪಿಕೊಂಡಿಲ್ಲ. ಮಧ್ಯಾಹ್ನದ ಸಭೆಯಲ್ಲಿ ಇದನ್ನು ಬೇರೆಯಾಗಿ ಮಾತಾಡೋಣ.

ನಿದ್ದೆಯ ಮಾತು ಬಂದದ್ದರಿಂದ ತಂಗಿಗೆ ಒಂದು ಹೊಳೆಯಿತು. ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಹಾಕುವ ನೈಟಿ ಇದೆಯಲ್ಲ, ಅಂಥದೇ ಸಡಿಲ ಉಡುಪನ್ನು ಫಿಲಿಪೀನ್ಸಿನ ಹೆಂಗಸರೂ ಮನೆಯಲ್ಲಿ ಹಾಕುತ್ತಾರೆ, ಅದಕ್ಕೆ ಡಸ್ಟರ್ ಅನ್ನುತ್ತಾರಂತೆ. ಗೆಳತಿ ಗಿಡ್ಡಗೆ, ಭುಜ ಅಗಲ. ಅವಳ ಅಳತೆ ಇವಳಿಗೆ ಕಣ್ಣಲ್ಲಿಯೇ ಇದೆ. ಅವಳ ಅಳತೆಗೇ ಹೊಲಿದರೆ ಅತ್ತಿಗೆಗೂ ಆಗದು, ತಾಯಿಗೂ ಆಗದು. ದಪ್ಪ ಹತ್ತಿ ಬಟ್ಟೆ, ಉದ್ದ ತೋಳು, ಚಳಿಗೆ ಆದೀತು. ಎರಡು ಜೇಬು ಇರಲೇಬೇಕು, ಒಂದು ಮೊಬೈಲಿಗೆ, ಒಂದು ಜಪಸರಕ್ಕೆ. ಎದೆಯ ಒಳಬದಿಯಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ದಾರದಿಂದ ಹಾಕಿದ್ದಾಳೆ. ಪೆಟ್ಟಿಗೆಗೆ ಬೇರೆಯಾಗಿ ಎರಡು ಟರ್ಕಿ ಟವೆಲು ಇಟ್ಟಿದ್ದಾಳೆ, ಏನೂ ಇಲ್ಲದಿದ್ದರೆ ನೈಟಿಯ ಬಟ್ಟೆಯನ್ನೇ ಕತ್ತರಿಸಿ ಕಳಿಸಿಬಿಟ್ಟಾಳೆಂಬ ಭಯ.

ತೋಟದ ಅಕ್ಕಂದಿರು ತಂದ ಕಾಫಿ ಪುಡಿಯಲ್ಲಿ ಅರ್ಧ ಕಿಲೊ ಈ ಗಂಟಿಗೆ ಸೇರಿಸಲು ಒಪ್ಪಿದ್ದೀರಿ. ಫಿಲಿಪೀನ್ಸಿನಲ್ಲಿಯೂ ಕಾಫಿ ತೋಟಗಳುಂಟು. ಬಟಾಂಗಾಸ್ ಕಡೆ ಬರಾಕೊ ಎಂಬ ಗಟ್ಟಿ ಕಾಫಿ ಬೆಳೆಯುತ್ತಾರೆ. 1889ರ ಸುಮಾರಿಗೆ ಎಲೆತುಕ್ಕು ಬಿದ್ದು ಆ ತೋಟಗಳು ಹಾಳಾದವು. ಎಲೆತುಕ್ಕು ಎಂದರೆ ಏನೆಂದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಚಿಕೋರಿ ಬೆರೆಸಿದ್ದು ಬೇಡ, ಅವರಿಗೆ ಆ ರುಚಿ ಹೊಸದು ಎಂದು ತಂಗಿ ಹೇಳುತ್ತಾಳೆ. ಯಾರ ತೋಟದ್ದು, ಯಾರು ಹಣ್ಣು ಕೊಯ್ದದ್ದು ಎಂದು ಒಂದು ಚೀಟಿ ಬರೆದು ಕೊಡಿರಿ, ಒಳಗೆ ಇಡುತ್ತೇವೆ.

ಹುಡುಗ ಬರುವ ಬುಧವಾರ ಮುಂಬಯಿಗೆ ಹೊರಡುತ್ತಾನೆ. ನೈಟಿಗೆ ಒಂದು ಜೇಬು ಹಾಕುವುದು, ಗುಂಡಿಮನೆ ಹೊಲಿಯುವುದು ಬಾಕಿ ಇದೆ. ನಮ್ಮ ತಂಗಿಗೆ ಗುಂಡಿಮನೆ ಸರಿಯಾಗಿ ಬರುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಕೈಹೊಲಿಗೆ ಚೆನ್ನಾಗಿ ಬಂದರೆ ಊಟ ಮುಗಿದ ಮೇಲೆ ಹೊರಗಿನ ಬೇವಿನ ಮರದ ಕೆಳಗೆ ಬರಬೇಕು. ಸೂಜಿ ದಾರ ಅಲ್ಲಿಯೇ ಇಟ್ಟಿದ್ದೇವೆ.